ಗೀಸರ್ ಹೋಯಿತು, ಹೀಟ್ ಪಂಪ್ ಹಾಕಿಸಲಾ? ಹಾಕಿಸಿದವರು ದಯವಿಟ್ಟು ಹೇಳಿ

ಮಲ್ಲಿಗೆಬಳ್ಳಿ
ಎಲ್ಲರಿಗೂ ನಮಸ್ಕಾರ. ನಮ್ಮ ಹನ್ನೆರಡು ವರ್ಷದ ಗೀಸರ್ ಹೋದ ವಾರ ಸೋರಲು ಶುರುವಾಯಿತು. ಪ್ಲಂಬರ್ ಬಿಚ್ಚಿ ನೋಡಿ, ಒಳಗಿನ ಟ್ಯಾಂಕೇ ತೂತಾಗಿದೆ, ರಿಪೇರಿ ಆಗುವುದಿಲ್ಲ ಎಂದರು. ಮನೆಯಲ್ಲಿ ಐದು ಜನ. ಅತ್ತೆ ಮಾವನಿಗೆ ವಯಸ್ಸಾಗಿದೆ, ಇಬ್ಬರಿಗೂ ಬಿಸಿನೀರು ಬೇಕೇ ಬೇಕು. ಅಂಗಡಿಯಲ್ಲಿ ಗಾಳಿಯ ಶಾಖ ಎಳೆದು ನೀರು ಕಾಯಿಸುವ ಹೀಟ್ ಪಂಪ್ ತೋರಿಸಿ "ಕರೆಂಟು ಮುಕ್ಕಾಲು ಭಾಗ ಉಳಿಯುತ್ತದೆ" ಎಂದು ಹೇಳಿದರು. ಬೆಲೆ ಕೇಳಿದರೆ ಮಾಮೂಲಿ ಗೀಸರಿನ ಎಷ್ಟೋ ಪಟ್ಟು. ಮುಕ್ಕಾಲು ಭಾಗ ಎನ್ನುವುದು ನಿಜಾನಾ? ಟೆರೇಸಿನಲ್ಲಿ ಜಾಗ ಇದೆ. ಸೋಲಾರ್ ಹಾಕಿಸುವುದೇ ಮೇಲಾ? ಪರಿಸರಕ್ಕೆ ಒಳ್ಳೆಯದಾದರೆ ಸ್ವಲ್ಪ ಜಾಸ್ತಿ ಖರ್ಚು ಮಾಡಲು ನಾವು ತಯಾರಿದ್ದೇವೆ. ಸುಮ್ನೆ ದುಡ್ಡು ಕಳೆಯುವುದು ಮಾತ್ರ ಬೇಡ.

ಲೆಕ್ಕದಪುಸ್ತಕ
ಅಕ್ಕಾ, ನಮ್ಮ ಮನೆಯಲ್ಲಿ ಹಾಕಿಸಿ ಮೂರು ವರ್ಷ ಆಯಿತು. ಆರು ಜನ ಇದ್ದೇವೆ. ಹಳೆಯ ಗೀಸರಿಗೂ ಇದಕ್ಕೂ ಒಂದೇ ಸಬ್-ಮೀಟರ್ ಇಟ್ಟು ಬರೆದುಕೊಂಡಿದ್ದೇನೆ. ಗೀಸರ್ ಇದ್ದಾಗ ದಿನಕ್ಕೆ ಸರಾಸರಿ 9 ಯೂನಿಟ್. ಈಗ 3ರ ಒಳಗೆ. ಚಳಿಗಾಲದಲ್ಲಿ ಸ್ವಲ್ಪ ಏರುತ್ತದೆ. ಮುಕ್ಕಾಲು ಭಾಗ ಎಂದು ನಾನು ಹೇಳುವುದಿಲ್ಲ, ಮೂರರಲ್ಲಿ ಎರಡು ಭಾಗ ಉಳಿಯುತ್ತದೆ ಎಂದು ಧೈರ್ಯವಾಗಿ ಹೇಳುತ್ತೇನೆ.

ಆದರೆ ನಿಮಗೆ ಎಷ್ಟು ಉಳಿಯುತ್ತದೆ ಎನ್ನುವುದು ನೀವು ಎಷ್ಟು ಬಿಸಿನೀರು ಬಳಸುತ್ತೀರಿ ಎನ್ನುವುದರ ಮೇಲಿದೆ. ಒಂದು ಲೀಟರ್ ನೀರನ್ನು 1 ಡಿಗ್ರಿ ಬಿಸಿ ಮಾಡಲು 1.163 ವ್ಯಾಟ್-ಗಂಟೆ ಬೇಕು (1000 ವ್ಯಾಟ್-ಗಂಟೆ ಅಂದರೆ ಒಂದು ಯೂನಿಟ್). ಯಾವ ಕಂಪನಿ ಬಂದರೂ ಇದು ಬದಲಾಗುವುದಿಲ್ಲ. 200 ಲೀಟರ್ ನೀರನ್ನು 30 ಡಿಗ್ರಿ ಏರಿಸಿದರೆ ಸುಮಾರು 7 ಯೂನಿಟ್. ಗೀಸರ್ ಆ 7 ಯೂನಿಟ್ಟನ್ನೂ ಕರೆಂಟಿನಿಂದಲೇ ತೆಗೆದುಕೊಳ್ಳುತ್ತದೆ. ಹೀಟ್ ಪಂಪ್ ಎರಡು ಚಿಲ್ಲರೆ ಯೂನಿಟ್ಟನ್ನು ಕರೆಂಟಿನಿಂದ, ಉಳಿದದ್ದನ್ನು ಗಾಳಿಯಿಂದ ಎಳೆದುಕೊಳ್ಳುತ್ತದೆ.

ಒಬ್ಬರೇ ಇರುವ ಮನೆ ಎಂದಿಟ್ಟುಕೊಳ್ಳಿ. ದಿನಕ್ಕೆ 40 ಲೀಟರ್ ಸಾಕು. ಅದಕ್ಕೆ ಬೇಕಾಗಿರುವುದೇ 1.4 ಯೂನಿಟ್. ಅದರಲ್ಲಿ ಮೂರನೇ ಎರಡು ಭಾಗ ಉಳಿಸಿದರೂ ಒಂದು ಯೂನಿಟ್ ಆಗುವುದಿಲ್ಲ. ಅಂಥವರಿಗೆ ನಾನು ಹಾಕಿಸಿ ಎಂದು ಹೇಳುವುದಿಲ್ಲ. ನೀವು ಮೊದಲು ನಿಮ್ಮ ಮನೆಯ ನೀರು ಅಳೆಯಿರಿ.

ಕಿಟಕಿಪಕ್ಕ
ನಾನು ಹಾಕಿಸಿ ತೆಗೆಸಿದವನು. ಇನ್ನೊಬ್ಬರು ಕೈ ಸುಟ್ಟುಕೊಳ್ಳಬಾರದು ಅಂತ ಬರೆಯುತ್ತಿದ್ದೇನೆ.

ನಮ್ಮ ಮನೆಯ ಹಿಂದುಗಡೆ ಸಾಮಾನು ಇಡುವ ಒಂದು ಸಣ್ಣ ಕೋಣೆ ಇದೆ. ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲ. ಒಂದೇ ಒಂದು ಸಣ್ಣ ವೆಂಟಿಲೇಟರ್. ಹಾಕಲು ಬಂದ ಹುಡುಗರು ಅದರೊಳಗೇ ಇಟ್ಟು, ಪ್ಲಗ್ ಚುಚ್ಚಿ ಹೋದರು. ಮೊದಲ ವಾರ ಖುಷಿಯಾಗಿದ್ದೆವು. ಆಮೇಲೆ ಒಂದು ಬೆಳಿಗ್ಗೆ ಆ ಕೋಣೆಯ ಬಾಗಿಲು ತೆಗೆದೆ. ಮುಖಕ್ಕೆ ತಣ್ಣನೆ ಗಾಳಿ ಹೊಡೆಯಿತು. ಯಂತ್ರದ ಹಿಂದಿನ ಅಲ್ಯೂಮಿನಿಯಂ ರೆಕ್ಕೆಗಳ ಮೇಲೆ ಬೆರಳು ದಪ್ಪ ಮಂಜುಗಡ್ಡೆ. ಗೋಡೆ ಒದ್ದೆ. ಕೆಳಗೆ ಇಟ್ಟಿದ್ದ ಹಳೆಯ ಪುಸ್ತಕಗಳ ಪೆಟ್ಟಿಗೆ ಪೂರ್ತಿ ನೆಂದು ಹೋಗಿತ್ತು. ಅದರಲ್ಲಿ ನನ್ನ ತಂದೆಯ ಕೈಬರಹದ ನೋಟ್‌ಬುಕ್ಕುಗಳಿದ್ದವು.

ಬಿಲ್ ಬಂದಾಗ ಗೀಸರಿನ ಕಾಲದ್ದಕ್ಕಿಂತ ಏನೂ ಕಡಿಮೆ ಇರಲಿಲ್ಲ. ಅದರೊಳಗೆ ಒಂದು ಮಾಮೂಲಿ ಕಾಯಿಲ್ ಕೂಡ ಇರುತ್ತದಂತೆ, ದಿನವೆಲ್ಲ ಅದೇ ಓಡುತ್ತಿತ್ತು ಎಂದು ಆಮೇಲೆ ಗೊತ್ತಾಯಿತು. ಮಾರಿದವರಿಗೆ ಹತ್ತು ಸಲ ಫೋನ್ ಮಾಡಿದೆ. ಬಂದವರೆಲ್ಲ ಸ್ವಿಚ್ ಆಫ್ ಮಾಡಿ ಆನ್ ಮಾಡಿ ಹೋದರು. ಹಸಿರು ತಂತ್ರಜ್ಞಾನ ಅಂತ ಹೇಳಿ ಮಾರುವವರಿಗೆ ಹಾಕುವ ಜಾಗ ನೋಡುವಷ್ಟು ತಾಳ್ಮೆ ಇಲ್ಲವಲ್ಲ ಎನ್ನುವ ಸಿಟ್ಟು ನನಗೆ ಇನ್ನೂ ಇದೆ.

ಹಳೇಮೆಕ್ಯಾನಿಕ್
ಕಿಟಕಿಪಕ್ಕ ಅವರೇ, ನೋಟ್‌ಬುಕ್ಕಿನ ವಿಷಯ ಓದಿ ಬೇಜಾರಾಯಿತು. ಮೂವತ್ತು ವರ್ಷದಿಂದ ಫ್ರಿಜ್ಜು, ಏಸಿ ರಿಪೇರಿ ಮಾಡುತ್ತಿದ್ದೇನೆ. ನಿಮಗೆ ಆದದ್ದು ಯಂತ್ರದ ತಪ್ಪಲ್ಲ, ಹಾಕಿದವರ ತಪ್ಪು. ಹೇಗೆ ಅಂತ ಹೇಳುತ್ತೇನೆ, ಅಕ್ಕನಿಗೂ ಅನುಕೂಲ ಆಗುತ್ತದೆ.

ನಿಮ್ಮ ಫ್ರಿಜ್ಜಿನ ಹಿಂಭಾಗ ಅಥವಾ ಪಕ್ಕ ಮುಟ್ಟಿ ನೋಡಿ. ಬೆಚ್ಚಗಿರುತ್ತದೆ. ಒಳಗಿನ ಸಾಮಾನಿನ ಶಾಖವನ್ನು ತೆಗೆದು ಹೊರಗೆ ಹಾಕುತ್ತಿದೆ. ಹೀಟ್ ಪಂಪ್ ಮಾಡುವುದೂ ಅದನ್ನೇ. ಪೈಪಿನ ಒಳಗೆ ಒಂದು ಗ್ಯಾಸ್ ಸುತ್ತುತ್ತಿರುತ್ತದೆ. ತೀರಾ ಕಡಿಮೆ ಉಷ್ಣಾಂಶದಲ್ಲೇ ಕುದಿಯುವ ಗ್ಯಾಸ್ ಅದು. ಹೊರಗಿನ ಗಾಳಿ ಸೋಕಿದರೆ ಸಾಕು, ಕುದ್ದು ಆವಿಯಾಗುತ್ತದೆ. ಕುದಿಯುವಾಗ ಗಾಳಿಯ ಶಾಖ ಹೀರಿಕೊಳ್ಳುತ್ತದೆ. ಆ ಆವಿಯನ್ನು ಕಂಪ್ರೆಸರ್ ಒತ್ತುತ್ತದೆ. ಒತ್ತಿದಾಗ ಬಿಸಿ ಏರುತ್ತದೆ. ಸೈಕಲ್ ಟೈರಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುತ್ತದಲ್ಲ, ಹಾಗೆ. ಆ ಬಿಸಿ ಟ್ಯಾಂಕಿನ ನೀರಿಗೆ ಹೋಗುತ್ತದೆ. ಓಡುತ್ತಿರುವ ಕಂಪ್ರೆಸರಿನಿಂದ ಹೊರಗೆ ಹೋಗುವ ಪೈಪ್ ಮುಟ್ಟಿದರೆ ಕೈ ಚುರುಕ್ ಅನ್ನುತ್ತದೆ. ವಾಪಸ್ ಬರುವ ಪೈಪ್ ತಣ್ಣಗಿರುತ್ತದೆ, ಮೇಲೆಲ್ಲ ಬೆವರಿನಂತೆ ಹನಿ. ಇವೆರಡನ್ನೂ ಮುಟ್ಟಿ ನೋಡಿದರೆ ಅರ್ಧ ರೋಗ ನನಗೆ ಗೊತ್ತಾಗುತ್ತದೆ.

ಈಗ ಆ ಕೋಣೆಯ ವಿಷಯಕ್ಕೆ ಬನ್ನಿ. ಮನೆ ಬಳಕೆಯ ಯಂತ್ರವೇ ಗಂಟೆಗೆ ಕೆಲವು ನೂರು ಘನ ಮೀಟರ್ ಗಾಳಿ ಎಳೆಯುತ್ತದೆ. ಎರಡು ಬೈ ಎರಡರ ಕೋಣೆಯಲ್ಲಿ ಇರುವುದೇ ಹತ್ತು ಘನ ಮೀಟರ್ ಗಾಳಿ. ಒಂದು ಸಲ ಶಾಖ ತೆಗೆದ ಅದೇ ಗಾಳಿಯನ್ನು ಮತ್ತೆ ಮತ್ತೆ ಹಿಂಡಿದರೆ ಏನು ಸಿಗುತ್ತದೆ ಹೇಳಿ? ಕೋಣೆ ಫ್ರಿಜ್ಜಾಗುತ್ತದೆ. ಬಯಲಲ್ಲಿ ಇಡಬೇಕಿತ್ತು, ಇಲ್ಲವೇ ಡಕ್ಟ್ ಹಾಕಿ ತಣ್ಣನೆ ಗಾಳಿಯನ್ನು ಹೊರಗೆ ಬಿಡಬೇಕಿತ್ತು.

ಮಲ್ಲಿಗೆಬಳ್ಳಿ ಅಕ್ಕಾ, ಹಾಕಲು ಬಂದವರನ್ನು ಮೂರು ವಿಷಯ ಕೇಳಿ. ತಣ್ಣನೆ ಗಾಳಿ ಎಲ್ಲಿಗೆ ಹೋಗುತ್ತದೆ? ಗಾಳಿಯ ತೇವದಿಂದ ಕಟ್ಟುವ ಹನಿ ನೀರು ಎಲ್ಲಿಗೆ ಇಳಿಯುತ್ತದೆ? ಟ್ಯಾಂಕಿನ ಆನೋಡ್ ರಾಡ್ ಬಿಚ್ಚಲು ಮೇಲೆ ಜಾಗ ಇದೆಯಾ? ಉತ್ತರ ಸರಿಯಾಗಿ ಬರದಿದ್ದರೆ ಆ ಮನುಷ್ಯನಿಂದ ಹಾಕಿಸಬೇಡಿ.

ಮಲ್ಲಿಗೆಬಳ್ಳಿ
ಆನೋಡ್ ರಾಡ್ ಅಂದರೆ ಏನು ಅಣ್ಣಾ? ಇವತ್ತೇ ಮೊದಲ ಸಲ ಕೇಳುತ್ತಿದ್ದೇನೆ.

ಹಳೇಮೆಕ್ಯಾನಿಕ್
ಟ್ಯಾಂಕಿನ ಒಳಗೆ ನೇತಾಡುವ ಮೆಗ್ನೀಸಿಯಂ ಕಡ್ಡಿ. ನೀರು ಕಬ್ಬಿಣವನ್ನು ತಿನ್ನುವ ಬದಲು ಮೊದಲು ಅದನ್ನು ತಿನ್ನುತ್ತದೆ. ಅದು ಸವೆದು ಮುಗಿದ ಮೇಲೆ ಟ್ಯಾಂಕಿಗೆ ಬಾಯಿ ಹಾಕುತ್ತದೆ. ನಿಮ್ಮ ಗೀಸರಿನಲ್ಲಿ ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಬದಲಾಯಿಸಿಲ್ಲ ಅಂತ ಕಾಣುತ್ತದೆ, ಅದಕ್ಕೇ ತೂತು. ಹೀಟ್ ಪಂಪಿನ ಟ್ಯಾಂಕ್ ಉಕ್ಕಿನದಾದರೆ ಅದಕ್ಕೂ ಇದೇ ಗತಿ. ವರ್ಷಕ್ಕೊಮ್ಮೆ ಬಿಚ್ಚಿ ನೋಡಬೇಕು. ಗಡಸು ನೀರಿದ್ದರೆ ತಪ್ಪಿಸಲೇಬೇಡಿ.

ಪಾಠದಮೇಡಂ
ನಾನು ಭೌತಶಾಸ್ತ್ರ ಕಲಿಸುತ್ತೇನೆ. ಹೀಟ್ ಪಂಪ್ ಏನೋ ಹೊಸ ಫ್ಯಾಷನ್ ಎಂದು ತುಂಬ ಜನ ಅಂದುಕೊಂಡಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಶಾಖವನ್ನು ಹೀಗೆ ಎತ್ತಿ ಸಾಗಿಸಬಹುದು ಎಂದು ವಿಲಿಯಂ ಥಾಮ್ಸನ್ 1852ರಲ್ಲೇ ಬರೆದಿದ್ದರು. ಆಮೇಲೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವರು ಅವರೇ. 1850ರ ದಶಕದಲ್ಲೇ ಆಸ್ಟ್ರಿಯಾದ ಪೀಟರ್ ಫಾನ್ ರಿಟ್ಟಿಂಗರ್ ಎಬೆನ್‌ಸೀ ಎಂಬಲ್ಲಿ ಉಪ್ಪು ತಯಾರಿಸಲು ಇದೇ ತತ್ವದ ಯಂತ್ರ ಕಟ್ಟಿದರು. 1938ರಲ್ಲಿ ಜೂರಿಕ್ ನಗರದ ಪುರಭವನವನ್ನು ಪಕ್ಕದ ಲಿಮ್ಮಾಟ್ ನದಿಯ ನೀರಿನಿಂದ ಶಾಖ ತೆಗೆದು ಬೆಚ್ಚಗಿಟ್ಟರು.

ಒಂದು ಯೂನಿಟ್ ಕರೆಂಟಿಗೆ ಎಷ್ಟು ಯೂನಿಟ್ ಶಾಖ ಸಿಗಬಹುದು, ಅದರ ಮಿತಿ ಎಲ್ಲಿದೆ ಎನ್ನುವುದೂ ಲೆಕ್ಕಕ್ಕೆ ಸಿಗುತ್ತದೆ. ಬಿಸಿ ತುದಿಯ ಉಷ್ಣಾಂಶವನ್ನು, ಡಿಗ್ರಿಗೆ 273 ಕೂಡಿಸಿ, ಕೆಲ್ವಿನ್‌ನಲ್ಲಿ ತೆಗೆದುಕೊಂಡು, ಎರಡು ತುದಿಗಳ ನಡುವಿನ ಅಂತರದಿಂದ ಭಾಗಿಸಿ. ಗಾಳಿ 25 ಡಿಗ್ರಿ, ನೀರು 55 ಡಿಗ್ರಿ ಆಗಬೇಕು ಎಂದರೆ 328ನ್ನು 30ರಿಂದ ಭಾಗಿಸಬೇಕು. ಸುಮಾರು 11 ಬರುತ್ತದೆ. ಇದು ಪ್ರಕೃತಿ ಕೊಡುವ ಗರಿಷ್ಠ. ನಿಜವಾದ ಯಂತ್ರ ಅದರಲ್ಲಿ ಮೂರನೇ ಒಂದು ಭಾಗದಷ್ಟು ಮುಟ್ಟುತ್ತದೆ, ಅಂದರೆ 3 ಅಥವಾ 4. ಇದನ್ನೇ ಸಿಒಪಿ ಎನ್ನುತ್ತಾರೆ. ಅಂತರ ಜಾಸ್ತಿಯಾದಷ್ಟೂ ಇದು ಇಳಿಯುತ್ತದೆ. ಅದಕ್ಕೇ ಕಿಟಕಿಪಕ್ಕ ಅವರ ತಣ್ಣನೆ ಕೋಣೆಯಲ್ಲಿ ಅದು ಸೋತಿತು.

ಹಾಗಂತ ನೀರನ್ನು ತೀರಾ ಕಡಿಮೆ ಬಿಸಿಯಲ್ಲಿ ಇಡಬೇಡಿ ಮಲ್ಲಿಗೆಬಳ್ಳಿಯವರೇ. ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ 20ರಿಂದ 45 ಡಿಗ್ರಿ ನೀರಿನಲ್ಲಿ ಬೆಳೆಯುತ್ತದೆ. ಆ ನೀರಿನ ತುಂತುರು ಉಸಿರಿಗೆ ಹೋದರೆ ವಯಸ್ಸಾದವರಿಗೆ ನ್ಯುಮೋನಿಯಾ ಬರಬಹುದು. 60 ಡಿಗ್ರಿಯಲ್ಲಿ ಅದು ಸಾಯುತ್ತದೆ. ನಿಮ್ಮ ಅತ್ತೆ ಮಾವ ಇರುವುದರಿಂದ ಟ್ಯಾಂಕನ್ನು 60ರಲ್ಲೇ ಇಡಿ, ನಲ್ಲಿಯ ಹತ್ತಿರ ತಣ್ಣೀರು ಬೆರೆಸುವ ವಾಲ್ವ್ ಹಾಕಿಸಿ. ಒಂದಿಷ್ಟು ಕರೆಂಟು ಜಾಸ್ತಿ ಹೋಗಲಿ.

ಹೊಳೆದಂಡೆ
ನನ್ನದು ಬೇರೆ ಪ್ರಶ್ನೆ. ಕರೆಂಟು ಬರುವುದೇ ಕಲ್ಲಿದ್ದಲು ಸುಟ್ಟು. ಹಾಗಿದ್ದ ಮೇಲೆ ಇದನ್ನು ಹಸಿರು ಎಂದು ಕರೆಯುವುದು ಸರಿಯಾ? ಇಲ್ಲಿ ಹೊಗೆ ಕಾಣಿಸುವುದಿಲ್ಲ, ಇನ್ನೆಲ್ಲೋ ಇನ್ಯಾರದೋ ಊರಿನ ಮೇಲೆ ಬೂದಿ ಬೀಳುತ್ತದೆ, ಅಷ್ಟೇ ಅಲ್ವಾ?

ಲೆಕ್ಕದಪುಸ್ತಕ
ಒಳ್ಳೆಯ ಪ್ರಶ್ನೆ. ಇದನ್ನು ಮುಚ್ಚಿಡದೆ ಹೇಳಬೇಕು. ಪೂರ್ತಿ ಕಲ್ಲಿದ್ದಲಿನ ಕರೆಂಟು ಎಂದುಕೊಂಡರೆ ಒಂದು ಯೂನಿಟ್ಟಿಗೆ ಸುಮಾರು 1 ಕಿಲೋ ಇಂಗಾಲದ ಡೈಆಕ್ಸೈಡ್. ಗೀಸರಿನಲ್ಲಿ ಒಂದು ಯೂನಿಟ್ ಶಾಖಕ್ಕೆ ಆ 1 ಕಿಲೋ ಪೂರ್ತಿ. ಸಿಒಪಿ 3 ಇರುವ ಹೀಟ್ ಪಂಪಿನಲ್ಲಿ ಮೂರನೇ ಒಂದು ಭಾಗ. ಗ್ಯಾಸ್ ಗೀಸರಿನಲ್ಲಿ ಕಾಲು ಕಿಲೋದ ಆಸುಪಾಸು. ಅಂದರೆ ಬರೀ ಕಲ್ಲಿದ್ದಲಿನ ಕರೆಂಟು ಇರುವ ಕಡೆ ಇಂಗಾಲದ ಲೆಕ್ಕದಲ್ಲಿ ಗ್ಯಾಸ್ ಗೀಸರೇ ಒಂದು ಕೈ ಮೇಲು. ಇದನ್ನು ಮಾರಾಟಗಾರರು ಯಾರೂ ಹೇಳುವುದಿಲ್ಲ.

ಆದರೆ ಗ್ಯಾಸ್ ಗೀಸರ್ ಹತ್ತು ವರ್ಷ ಆದ ಮೇಲೂ ಅಷ್ಟೇ ಉಗುಳುತ್ತದೆ. ಗಾಳಿ, ಬಿಸಿಲು, ನೀರಿನ ಕರೆಂಟು ಸೇರಿದಂತೆಲ್ಲ ಹೀಟ್ ಪಂಪಿನ ಪಾಲು ಇಳಿಯುತ್ತಾ ಹೋಗುತ್ತದೆ. ಹಳೆಯ ಕಾಯಿಲ್ ಗೀಸರ್ ತೆಗೆದು ಹಾಕಿದರಂತೂ ಕರೆಂಟು ಎಲ್ಲಿಂದಲೇ ಬರಲಿ, ಮೊದಲ ದಿನದಿಂದಲೇ ಲಾಭ.

ಹಳೇಮೆಕ್ಯಾನಿಕ್
ಇನ್ನೊಂದು ಮಾತು ಸೇರಿಸಿಕೊಳ್ಳಿ, ನಮ್ಮ ಕಸುಬಿನವರು ಬಾಯಿ ಬಿಡದ ವಿಷಯ. ಒಳಗಿನ ಗ್ಯಾಸ್ ಸೋರಿದರೆ ಅದೂ ಭೂಮಿಯನ್ನು ಬಿಸಿ ಮಾಡುತ್ತದೆ. ಆರ್-410ಎ ಗ್ಯಾಸ್ ಒಂದು ಕಿಲೋ ಸೋರಿದರೆ ಎರಡು ಟನ್ನಿಗೂ ಜಾಸ್ತಿ ಇಂಗಾಲದ ಡೈಆಕ್ಸೈಡ್ ಬಿಟ್ಟ ಹಾಗೆ. ಆರ್-32 ಆದರೆ 675 ಕಿಲೋ. ಆರ್-290 ಅಂದರೆ ಪ್ರೊಪೇನ್, ಅದರ ಪ್ರಭಾವ ಲೆಕ್ಕಕ್ಕೇ ಇಲ್ಲದಷ್ಟು ಕಡಿಮೆ. ಆದರೆ ಹತ್ತಿಕೊಂಡು ಉರಿಯುತ್ತದೆ, ಬಯಲಲ್ಲೇ ಇಡಬೇಕು. 2016ರ ಕಿಗಾಲಿ ಒಪ್ಪಂದ ಆದ ಮೇಲೆ ಎಲ್ಲ ಕಡೆ ಹಳೆಯ ಗ್ಯಾಸುಗಳನ್ನು ಇಳಿಸುತ್ತಾ ಬರುತ್ತಿದ್ದಾರೆ. ಕೊಳ್ಳುವಾಗ ಯಂತ್ರದ ಪಕ್ಕದ ಚೀಟಿಯಲ್ಲಿ ಗ್ಯಾಸಿನ ಹೆಸರು ಓದಿ. ರಿಪೇರಿಗೆ ಬಂದವನು ಹಳೆಯ ಗ್ಯಾಸನ್ನು ಗಾಳಿಗೆ ಬಿಡಲು ಹೋದರೆ ತಡೆಯಿರಿ. ಸಿಲಿಂಡರಿಗೆ ಎಳೆದುಕೊಳ್ಳುವ ಯಂತ್ರ ಇದೆ. ಅದನ್ನು ತರಲು ಸೋಮಾರಿತನ, ಅಷ್ಟೇ. ನಾನೂ ಕೆಲಸ ಕಲಿಯುವಾಗ ಹಾಗೇ ಬಿಟ್ಟಿದ್ದೇನೆ. ಈಗ ನೆನೆದರೆ ಸಂಕಟ ಆಗುತ್ತದೆ.

ಹಿಮದೂರು
ನಾನಿರುವುದು ಹಿಮ ಬೀಳುವ ಕಡೆ. ಇಲ್ಲಿ ಮಾತು ಬರೀ ಸ್ನಾನದ ನೀರಿನದಲ್ಲ, ಇಡೀ ಮನೆ ಬೆಚ್ಚಗಿಡುವುದು. ಚಳಿ ಪ್ರದೇಶದಲ್ಲಿ ಹೀಟ್ ಪಂಪ್ ನಡೆಯುವುದಿಲ್ಲ ಎನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ. ನಾರ್ವೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ಇದೆ. ಅಲ್ಲಿಗಿಂತ ಚಳಿ ಇನ್ನೆಲ್ಲಿ ಬೇಕು?

ಆದರೆ ನಾನು ಅವಸರ ಮಾಡಿದ್ದರೆ ಸೋಲುತ್ತಿದ್ದೆ. ನಮ್ಮದು ಹಳೆಯ ಮನೆ. ಬಾಯ್ಲರಿನಿಂದ 70 ಡಿಗ್ರಿ ನೀರು ಕೋಣೆ ಬೆಚ್ಚಗಿಡುವ ರೇಡಿಯೇಟರಿಗೆ ಹೋಗುತ್ತಿತ್ತು. ಹೊರಗೆ ಮೈನಸ್ 10, ಒಳಗೆ 70 ಬೇಕು ಎಂದರೆ ಮೇಡಂ ಹೇಳಿದ ಸೂತ್ರದಲ್ಲಿ ಗರಿಷ್ಠವೇ 4.3. ನಿಜದಲ್ಲಿ 2 ಸಿಕ್ಕರೆ ಪುಣ್ಯ. ಅದೇ 35 ಡಿಗ್ರಿ ನೀರು ಸಾಕು ಎನ್ನುವ ಮನೆಯಾದರೆ ಗರಿಷ್ಠ 6.8. ಅದಕ್ಕೇ ಮೊದಲು ಮನೆಯ ತೂತು ಮುಚ್ಚಿದೆ. ಒಂದು ಗಾಳಿಯ ದಿನ ಊದುಬತ್ತಿ ಹಚ್ಚಿಕೊಂಡು ಕಿಟಕಿ, ಬಾಗಿಲು, ಸ್ವಿಚ್‌ಬೋರ್ಡ್, ಅಟ್ಟದ ಮುಚ್ಚಳ ಎಲ್ಲದರ ಅಂಚಿನಲ್ಲೂ ಹಿಡಿದು ನಡೆದೆ. ಹೊಗೆ ನೆಟ್ಟಗೆ ಏರುತ್ತಿದ್ದದ್ದು ಅಟ್ಟದ ಮುಚ್ಚಳದ ಹತ್ತಿರ ಸರ್ ಅಂತ ಮೇಲಕ್ಕೆ ಎಳೆದುಕೊಂಡಿತು. ಅಷ್ಟು ವರ್ಷ ನಾವು ಸುಟ್ಟ ಇಂಧನ ಆ ಸಂದಿಯಿಂದ ಹೋಗುತ್ತಿತ್ತು. ಸಂದಿಗಳಿಗೆ ರಬ್ಬರ್ ಪಟ್ಟಿ, ಅಟ್ಟಕ್ಕೆ ದಪ್ಪನೆಯ ಇನ್ಸುಲೇಷನ್, ಎರಡು ಕೋಣೆಗೆ ದೊಡ್ಡ ರೇಡಿಯೇಟರ್. ಇಷ್ಟಾದ ಮೇಲೆ 45 ಡಿಗ್ರಿ ನೀರೇ ಸಾಕಾಯಿತು. ಬೇಕಾದ ಹೀಟ್ ಪಂಪಿನ ಗಾತ್ರವೂ ಮೊದಲು ಹೇಳಿದ್ದಕ್ಕಿಂತ ಚಿಕ್ಕದಾಯಿತು.

ದೊಡ್ಡದು ತೆಗೆದುಕೊಂಡರೆ ಒಳ್ಳೆಯದು ಎನ್ನುವುದು ತಪ್ಪು. ದೊಡ್ಡ ಯಂತ್ರ ಚಿಕ್ಕ ಮನೆಯಲ್ಲಿ ಐದು ನಿಮಿಷ ಓಡಿ ನಿಲ್ಲುತ್ತದೆ, ಮತ್ತೆ ಓಡಿ ನಿಲ್ಲುತ್ತದೆ. ಕಂಪ್ರೆಸರ್ ಬೇಗ ಸವೆಯುತ್ತದೆ. ಮೆಲ್ಲಗೆ, ತುಂಬ ಹೊತ್ತು ಓಡುವುದೇ ಅದಕ್ಕೆ ಆರೋಗ್ಯ.

ಬಾಡಿಗೆಮನೆ
ಇದೆಲ್ಲ ಸ್ವಂತ ಮನೆ ಇರುವವರ ಮಾತು. ನಾನು ಬಾಡಿಗೆಗೆ ಇರುವವಳು, ಟೆರೇಸಿಗೆ ಹೋಗಲೂ ಬಿಡುವುದಿಲ್ಲ. ನಮ್ಮಂಥವರು ಏನೂ ಮಾಡುವ ಹಾಗಿಲ್ಲವಾ?

ಲೆಕ್ಕದಪುಸ್ತಕ
ಯಾಕಿಲ್ಲ? ಮನೆ ಬಿಡುವಾಗ ಬಿಚ್ಚಿಕೊಂಡು ಹೋಗುವಂಥದ್ದರಿಂದ ಶುರು ಮಾಡಿ. ಹಳೆಯ ಸೀಲಿಂಗ್ ಫ್ಯಾನ್ 75 ವ್ಯಾಟ್ ತಿನ್ನುತ್ತದೆ, ಕಡಿಮೆ ಕರೆಂಟಿನ ಹೊಸ ಬಗೆಯ ಮೋಟರ್ ಇರುವ ಬಿಎಲ್‌ಡಿಸಿ ಫ್ಯಾನ್ 30ರ ಹತ್ತಿರ. ದಿನಕ್ಕೆ 12 ಗಂಟೆ ಓಡಿದರೆ ಒಂದೊಂದು ಫ್ಯಾನಿಗೆ ಅರ್ಧ ಯೂನಿಟ್ ಉಳಿತಾಯ. 60 ವ್ಯಾಟ್ ಬಲ್ಬಿನ ಬೆಳಕನ್ನು 9 ವ್ಯಾಟ್ ಎಲ್‌ಇಡಿ ಕೊಡುತ್ತದೆ. ಆಮೇಲೆ ನೀರು ಕಡಿಮೆ ಬಿಡುವ ಶವರ್ ಹೆಡ್. ಹಸಿರು ಸಾಮಾನುಗಳಲ್ಲಿ ನನಗೆ ಅತಿ ಇಷ್ಟವಾದದ್ದು ಅದೇ. ಕೈಯಲ್ಲೇ ತಿರುಗಿಸಿ ಹಾಕಬಹುದು, ಹಳೆಯದನ್ನು ಎತ್ತಿಟ್ಟುಕೊಂಡರೆ ಮನೆ ಬಿಡುವಾಗ ವಾಪಸ್ ಹಾಕಿಬಿಡಬಹುದು.

ಮಲ್ಲಿಗೆಬಳ್ಳಿ
ಶವರ್ ಮಾತು ಓದಿ ಇವತ್ತು ಬಕೆಟ್ ಹಿಡಿದು ಅಳೆದೆ. ನಮ್ಮ ಶವರಿನಲ್ಲಿ 10 ಲೀಟರ್ ಬಕೆಟ್ 45 ಸೆಕೆಂಡಿಗೆ ತುಂಬಿತು. ಮೂರು ಜನ ಆರಾರು ನಿಮಿಷ ಶವರ್ ಮಾಡುತ್ತೇವೆ, ತಲಾ 80 ಲೀಟರ್ ಆಯಿತು! ಅತ್ತೆ ಮಾವ ಬಕೆಟ್ ಸ್ನಾನ, ತಲಾ 30 ಲೀಟರ್. ಪಾತ್ರೆಗೆ ಇನ್ನೊಂದು 30. ಒಟ್ಟು 330 ಲೀಟರ್. ಹಾಗಾದರೆ ನಮಗೆ 300 ಲೀಟರ್ ಟ್ಯಾಂಕ್ ಬೇಕಾ?

ಲೆಕ್ಕದಪುಸ್ತಕ
ಬೇಡ ಅಕ್ಕಾ. ಬಕೆಟ್ಟಿಗೆ ಬಿದ್ದದ್ದು ಬೆರೆಸಿದ ನೀರು, 40 ಡಿಗ್ರಿ ಇರಬಹುದು. ತಣ್ಣೀರು 22 ಡಿಗ್ರಿ ಎಂದುಕೊಂಡರೆ ಏರಿಸಿದ್ದು 18 ಡಿಗ್ರಿ. 330ನ್ನು 18ರಿಂದ, ಅದನ್ನು 1.163ರಿಂದ ಗುಣಿಸಿದರೆ ಸುಮಾರು 6.9 ಯೂನಿಟ್. ಟ್ಯಾಂಕಿನಲ್ಲಿ 60 ಡಿಗ್ರಿ ನೀರಿದ್ದರೆ ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಕಡಿಮೆ ತೆಗೆದುಕೊಂಡು ಉಳಿದದ್ದು ತಣ್ಣೀರೇ ಬೆರೆಸುತ್ತೀರಿ. 200 ಲೀಟರ್ ಟ್ಯಾಂಕ್ ಧಾರಾಳ. ಶವರ್ ಹೆಡ್ ಬದಲಾಯಿಸಿ ಮತ್ತೊಮ್ಮೆ ಅಳೆಯಿರಿ, ಆಮೇಲೆ ಮಾತಾಡೋಣ.

ಮಲ್ಲಿಗೆಬಳ್ಳಿ
ಬದಲಾಯಿಸಿದೆ. ಈಗ ಅದೇ ಬಕೆಟ್ ತುಂಬಲು 80 ಸೆಕೆಂಡ್. ತಲಾ 45 ಲೀಟರ್. ಒಟ್ಟು 225. ನಿಮ್ಮ ಲೆಕ್ಕದಲ್ಲೇ ಮಾಡಿದೆ, 4.7 ಯೂನಿಟ್ ಬಂತು. ಒಂದು ಶವರ್ ಹೆಡ್‌ನಿಂದ ದಿನಕ್ಕೆ ಎರಡು ಯೂನಿಟ್! ಮಗನಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ.

ಪಾಠದಮೇಡಂ
ಶಭಾಷ್. ನೀವು ಸೋಲಾರ್ ವಿಷಯವನ್ನೂ ಕೇಳಿದ್ದಿರಿ, ಅದಕ್ಕೆ ಉತ್ತರ ಬಾಕಿ ಇದೆ. ನೀರು ಕಾಯಿಸುವ ಸೋಲಾರ್ ಬಿಸಿಲಿನ ಅರ್ಧಕ್ಕಿಂತ ಜಾಸ್ತಿ ಭಾಗವನ್ನು ನೇರ ನೀರಿಗೆ ಕೊಡುತ್ತದೆ. ಚೆನ್ನಾಗಿ ಬಿಸಿಲಿರುವ ಕಡೆ ಅದನ್ನು ಮೀರಿಸುವುದು ಕಷ್ಟ. ಕಂಪ್ರೆಸರ್ ಇಲ್ಲ, ಸದ್ದಿಲ್ಲ. ತೊಂದರೆ ಏನೆಂದರೆ, ಮೋಡ ಕವಿದ ದಿನಗಳಲ್ಲಿ ಒಳಗಿನ ಕಾಯಿಲ್ ಓಡುತ್ತದೆ, ಆಗ ಅದು ಮಾಮೂಲಿ ಗೀಸರ್ ಆಗಿಬಿಡುತ್ತದೆ. ಮಳೆಗಾಲ ಉದ್ದ ಇದ್ದರೆ ಹೀಟ್ ಪಂಪ್ ಲೇಸು.

ಕರೆಂಟು ಕೊಡುವ ಸೋಲಾರ್ ಪ್ಯಾನಲ್ ಬಿಸಿಲಿನ 20 ಶೇಕಡಾದಷ್ಟನ್ನು ಮಾತ್ರ ಕರೆಂಟು ಮಾಡುತ್ತದೆ. ಅದನ್ನು ಸಿಒಪಿ 3ರ ಹೀಟ್ ಪಂಪಿಗೆ ಕೊಟ್ಟರೆ 60 ಶೇಕಡಾ ಶಾಖವಾಗಿ ಸಿಗುತ್ತದೆ. ಹೆಚ್ಚೂಕಡಿಮೆ ಅಲ್ಲಿಂದಲ್ಲಿಗೆ. ಜೊತೆಗೆ ಮಿಕ್ಕ ಕರೆಂಟು ಮನೆಗೆ. ಮುಂದೆ ಪ್ಯಾನಲ್ ಹಾಕಿಸುವ ಯೋಚನೆ ಇದ್ದರೆ ಟೈಮರ್ ಇರುವ ಹೀಟ್ ಪಂಪ್ ತೆಗೆದುಕೊಳ್ಳಿ, ನಡುಮಧ್ಯಾಹ್ನ ಓಡಲಿ. ಆಗ ಗಾಳಿಯೂ ಬೆಚ್ಚಗಿರುತ್ತದೆ, ಬಿಸಿಲೂ ಇರುತ್ತದೆ. ಕಾದ ನೀರೇ ನಿಮ್ಮ ಬ್ಯಾಟರಿ.

ಕಿಟಕಿಪಕ್ಕ
ಇದನ್ನೆಲ್ಲ ನನಗೆ ಅಂದು ಯಾರಾದರೂ ಹೇಳಿದ್ದರೆ! ಮಲ್ಲಿಗೆಬಳ್ಳಿಯವರೇ, ಹಾಕಿಸುವುದಾದರೆ ನಿಮ್ಮ ಪಕ್ಕದ ಮನೆಯವರ ಮಲಗುವ ಕೋಣೆಯ ಕಿಟಕಿ ಎಲ್ಲಿದೆ ನೋಡಿಕೊಳ್ಳಿ. ಸದ್ದು ಫ್ರಿಜ್ಜಿಗಿಂತ ಜಾಸ್ತಿ. ಬೆಳಗಿನ ಜಾವ ಐದಕ್ಕೆ ಅದು ಗುಂಯ್ ಅನ್ನುವುದು ಗೋಡೆಯ ಮೂಲಕವೂ ಕೇಳಿಸುತ್ತದೆ. ಅಡಿಯಲ್ಲಿ ದಪ್ಪ ರಬ್ಬರ್ ಇಡಿಸಿ.

ಮಲ್ಲಿಗೆಬಳ್ಳಿ
ಎರಡು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಹಾಕಿಸಿದೆವು. 200 ಲೀಟರ್, ಟೆರೇಸಿನ ಬಯಲಲ್ಲಿ, ಗೋಡೆಯಿಂದ ದೂರ. ಮೊದಲು ಬಂದವರು ಗಾಳಿಯ ಪ್ರಶ್ನೆಗೆ "ಅದೆಲ್ಲ ಏನೂ ಆಗಲ್ಲ ಮೇಡಂ" ಅಂದರು, ಅವರನ್ನು ವಾಪಸ್ ಕಳಿಸಿದೆ. ಎರಡನೆಯವರು ಮೂರಕ್ಕೂ ಉತ್ತರ ಕೊಟ್ಟರು, ಪಕ್ಕದ ಮನೆಯ ಕಿಟಕಿಯನ್ನೂ ತಾವಾಗಿಯೇ ನೋಡಿದರು. ಬಿಸಿನೀರಿನ ಪೈಪಿಗೆಲ್ಲ ಕಪ್ಪು ಫೋಮ್ ಸುತ್ತಿಸಿದ್ದೇವೆ. ಟೈಮರ್ ಮಧ್ಯಾಹ್ನಕ್ಕೆ ಇಟ್ಟಿದ್ದೇವೆ. 60 ಡಿಗ್ರಿ, ಬೆರೆಸುವ ವಾಲ್ವ್ ಸಮೇತ.

ಸಬ್-ಮೀಟರ್ ನಾನೇ ದಿನಾ ಬರೆಯುತ್ತೇನೆ. 40 ದಿನದ ಸರಾಸರಿ 2.1 ಯೂನಿಟ್. ಚಳಿ ಜಾಸ್ತಿ ಇದ್ದ ದಿನಗಳಲ್ಲಿ 2.6. ಮಾವ ಬೆಳಿಗ್ಗೆ ಎದ್ದು ಮೊದಲು ನಲ್ಲಿ ತಿರುಗಿಸಿ ಕೈ ಒಡ್ಡುತ್ತಾರೆ, ಒಂದು ದಿನವೂ ತಣ್ಣೀರು ಬಂದಿಲ್ಲ. ಟ್ಯಾಂಕಿನ ಮೇಲೆ ಮಾರ್ಕರಿನಲ್ಲಿ ಆನೋಡ್ ನೋಡಬೇಕಾದ ತಿಂಗಳು ಬರೆದಿದ್ದೇನೆ. ಫೋಟೋ ಹಾಕಿದ್ದೇನೆ ನೋಡಿ.

ಹಳೇಮೆಕ್ಯಾನಿಕ್
ಜಾಗ ಚೆನ್ನಾಗಿದೆ ಅಕ್ಕಾ. ಆದರೆ ಫೋಟೋದಲ್ಲಿ ಬಲಗಡೆ ಬಿಳಿ ಪೈಪ್ ನೋಡಿ, ಹನಿ ನೀರಿನದು. ನಡುವೆ ಮೇಲಕ್ಕೆ ಉಬ್ಬಿದೆ. ನೀರು ಅಲ್ಲಿ ನಿಂತು ತಟ್ಟೆಯಿಂದ ಆಚೆ ಚೆಲ್ಲುತ್ತದೆ, ಟೆರೇಸಿನ ಗಾರೆ ಹಾಳಾಗುತ್ತದೆ. ಉದ್ದಕ್ಕೂ ಇಳಿಜಾರಿರಬೇಕು.

ಮಲ್ಲಿಗೆಬಳ್ಳಿ
ಈಗಷ್ಟೇ ಮೇಲೆ ಹೋಗಿ ಬಂದೆ ಅಣ್ಣಾ. ತಟ್ಟೆಯಲ್ಲಿ ಬೆರಳು ಮುಳುಗುವಷ್ಟು ನೀರು ನಿಂತಿತ್ತು. ಮಗ ಪೈಪನ್ನು ಕೆಳಗೆ ಒತ್ತಿ ತಂತಿಯಲ್ಲಿ ಕಟ್ಟಿದ. ಗಳಗಳ ಅಂತ ಇಳಿದು ಹೋಯಿತು. ಈಗ ಹನಿ ಹನಿಯಾಗಿ ಮಲ್ಲಿಗೆ ಕುಂಡಕ್ಕೆ ಬೀಳುತ್ತಿದೆ.